ಬರೆಯುತ್ತಲೇ ಇದ್ದವರು

ಸೀಟು ಬಿಟ್ಟುಕೊಟ್ಟ ಮುದುಕಿಯ ಮುಖ ನೋಡುವ ಧೈರ್ಯ ರಮ್ಯಶ್ರೀಗೆ ಬರಲಿಲ್ಲ. ಕೊರಟಗೆರೆಯ ಬಸ್‌ಸ್ಟ್ಯಾಂಡಿನಲ್ಲಿ ಎಂಟು ಗಂಟೆಯ ಮಧುಗಿರಿ ಬಸ್ಸಿಗೆ ಜನ ಮುತ್ತಿಕೊಂಡಿದ್ದರು. ಹೆಂಗಸರಿಗೆ ಟಿಕೆಟ್ಟಿಲ್ಲವೆಂದಾದ ಮೇಲೆ ಈ ದಾರಿಯಲ್ಲಿ ಒಂಟಿಕಾಲು ಊರುವುದಕ್ಕೂ ಜಾಗವಿರುವುದಿಲ್ಲ. ಆಧಾರ್ ಕಾರ್ಡನ್ನು ಹಲ್ಲಲ್ಲಿ ಕಚ್ಚಿಕೊಂಡು, ಒಂದು ಕೈಯಲ್ಲಿ ಹೊಟ್ಟೆಯನ್ನೂ ಇನ್ನೊಂದರಲ್ಲಿ ಕಂಬಿಯನ್ನೂ ಹಿಡಿದು ಅವಳು ಹತ್ತಿದಾಗ ಎರಡನೇ ಸಾಲಿನ ಮುದುಕಿಯೊಬ್ಬಳು, "ಬಸುರಿ ಹೆಂಗ್ಸು, ಬಾರವ್ವ ಕುಂತ್ಕೊ, ನಂದು ಇಲ್ಲೇ ಮುಂದ್ಲ ಸ್ಟಾಪು" ಎಂದು ಎದ್ದಳು. ಬೇಡ ಎನ್ನಬೇಕೆಂದುಕೊಂಡಳು. ಈ ಸೀಟಿಗೆ ನಾನು ಯೋಗ್ಯಳಲ್ಲ ಎಂದು ತುಂಬಿದ ಬಸ್ಸಿನಲ್ಲಿ ಹೇಳಲು ಬರುತ್ತದೆಯೇ ಎಂದು ಯೋಚಿಸುವಷ್ಟರಲ್ಲಿ ಕಾಲುಗಳು ತಾವಾಗಿಯೇ ಕೂತುಬಿಟ್ಟಿದ್ದವು. ಮುಂದಿನ ಸ್ಟಾಪು ಬಂತು, ಅದರಾಚೆಯದೂ ಬಂತು, ಮುದುಕಿ ಇಳಿಯಲಿಲ್ಲ. ಕಂಬಿಗೆ ಜೋತುಬಿದ್ದು, ಬ್ರೇಕು ಹಾಕಿದಾಗಲೆಲ್ಲ ಮುಂದಿದ್ದವರ ಬೆನ್ನಿಗೆ ಬಡಿದುಕೊಳ್ಳುತ್ತ ನಿಂತೇ ಇದ್ದಳು. ಇಂಥ ಸುಳ್ಳನ್ನೂ ಜನ ಹೇಳುತ್ತಾರೆ ಎನ್ನಿಸಿ ರಮ್ಯಶ್ರೀ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಎದ್ದಾಗಿನಿಂದ ಒಂದು ಗುಟುಕು ನೀರು ಕುಡಿದಿರಲಿಲ್ಲ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಆರು ತಿಂಗಳ ಹೊಟ್ಟೆ ಎದೆಯ ಗೂಡನ್ನು ಕೆಳಗಿನಿಂದ ಒತ್ತುತ್ತಿತ್ತು. ಬೆಳಿಗ್ಗೆ ತಿಂದ ಅರ್ಧ ಮುದ್ದೆ ಹುಳಿಯಾಗಿ ಗಂಟಲವರೆಗೆ ಬಂದು, ಅಲ್ಲೇ ಉರಿದು, ಮತ್ತೆ ಇಳಿಯುತ್ತಿತ್ತು. ಅತ್ತೆ ಜಯಕ್ಕ ಜೀರಿಗೆ ಕುದಿಸಿದ ನೀರನ್ನು ಬಾಟಲಿಗೆ ತುಂಬಿ ಬ್ಯಾಗಿನಲ್ಲಿ ಇಟ್ಟಿದ್ದಳು. ಅದು ತೊಡೆಯ ಮೇಲೆ ಇನ್ನೂ ಬೆಚ್ಚಗಿತ್ತು. ಕುಡಿದರೆ ಪರೀಕ್ಷೆಯ ನಡುವೆ ಏಳಬೇಕಾಗುತ್ತದೆ, ಅದಕ್ಕೇ ಕುಡಿಯುತ್ತಿಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಅಷ್ಟೇ ಕಾರಣವಾಗಿದ್ದರೆ ಮೊನ್ನೆ, ನಿನ್ನೆ, ಮನೆಯಲ್ಲೇ ಇದ್ದ ದಿನಗಳಲ್ಲೂ ಲೋಟವನ್ನು ತುಟಿಯ ತನಕ ತಂದು ಯಾಕೆ ಕೆಳಗಿಡುತ್ತಿದ್ದಳೋ. ಒಳಗಿನ ಮಗು ಒಮ್ಮೆ ಪಕ್ಕೆಗೆ ಒದೆಯಿತು. ನಾನೇನು ಮಾಡಿದ್ದೆ ಎಂದು ಕೇಳಿದ ಹಾಗಿತ್ತು.

ಇವತ್ತು ಬಿ.ಎಡ್‌ನ ಕೊನೆಯ ಪತ್ರಿಕೆ. ಶ್ರೀಲತಾ ಬರುತ್ತಾಳೋ ಇಲ್ಲವೋ ಗೊತ್ತಿಲ್ಲ. ಬರದಿದ್ದರೆ ಒಂದು ಭಯ, ಬಂದರೆ ಇನ್ನೊಂದು. ಮೂರು ದಿನದಿಂದ ಅವಳಿಗೆ ಫೋನು ಮಾಡಿರಲಿಲ್ಲ. 'ಹೆಂಗಿದೀಯ' ಎಂದು ನಾಲ್ಕು ಸಲ ಟೈಪು ಮಾಡಿ ನಾಲ್ಕು ಸಲವೂ ಅಳಿಸಿದ್ದಳು. ಹೆಂಗಿದ್ದಾಳೆ ಎನ್ನುವುದು ಗೊತ್ತಿಲ್ಲದವರು ಮಾತ್ರ ಕೇಳಬಹುದಾದ ಪ್ರಶ್ನೆ ಅದು.

ಐವತ್ತು ಜನರ ಕ್ಲಾಸಿನಲ್ಲಿ ಬಸುರಿಯರು ಅವರಿಬ್ಬರೇ. ಅವರು ಕೂರುತ್ತಿದ್ದ ಬೆಂಚಿಗೆ ಹುಡುಗರು 'ಹೆರಿಗೆ ವಾರ್ಡು' ಎಂದು ಹೆಸರಿಟ್ಟಿದ್ದರು. ಶ್ರೀಲತಾ ಅವಳಿಗಿಂತ ಮೂರು ವರ್ಷ ದೊಡ್ಡವಳು, ಒಂದು ತಿಂಗಳು ಮುಂದಿನ ಬಸುರಿ. ಪಾವಗಡದಾಚೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿಯವಳು. ಬೆಳಿಗ್ಗೆ ಐದಕ್ಕೆದ್ದು ಅಡಿಗೆ ಮಾಡಿಟ್ಟು, ಗಂಡ ಅಂಜನ್ ಕುಮಾರ್ ಬೈಕಿನಲ್ಲಿ ಪಾವಗಡಕ್ಕೆ ತಂದುಬಿಟ್ಟರೆ ಅಲ್ಲಿಂದ ಎರಡು ಗಂಟೆ ಬಸ್ಸಿನಲ್ಲಿ ಕುಲುಕಿಕೊಂಡು ಬರುತ್ತಿದ್ದಳು. ಬೋಧನಾಭ್ಯಾಸಕ್ಕೆ ಇಬ್ಬರನ್ನೂ ಒಂದೇ ಹೈಸ್ಕೂಲಿಗೆ ಹಾಕಿದ್ದರು. ಎಂಟನೇ ಕ್ಲಾಸಿನ ಮಕ್ಕಳಿಗೆ ನದಿಗಳ ಪಾಠ ಮಾಡುತ್ತ ಮಾಡುತ್ತ ರಮ್ಯಶ್ರೀ ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಓಡಿದ್ದಳು. ಗೋಡೆ ಹಿಡಿದು ವಾಂತಿ ಮಾಡಿ ತಲೆಯೆತ್ತಿದರೆ ಶ್ರೀಲತಾ ನಿಂಬೆ ಎಲೆ ಹಿಸುಕುತ್ತ ಪಕ್ಕದಲ್ಲಿ ನಿಂತಿದ್ದಳು. "ಮೂಸು. ಹ್ಞಾಂ, ಇಂಗೆ. ಹಾಸಿಗೆಯಿಂದ ಏಳೋಕೆ ಮುಂಚೆ ಒಂದು ಹಿಡಿ ಪುರಿ ತಿನ್ಬೇಕು ಕಣೇ. ಕುಂತ್ಕೊಂಡು ತಿನ್ನು, ಆಮೇಲೆ ಕಾಲು ನೆಲಕ್ಕಿಡು. ನಿಂಗ್ಯಾರೂ ಹೇಳೇ ಇಲ್ವಾ?" ಯಾರೂ ಹೇಳಿರಲಿಲ್ಲ. ಅಮ್ಮ ಇಲ್ಲದವಳು, ಅತ್ತೆಯನ್ನು ಕೇಳಲು ಸಂಕೋಚ. ಆಮೇಲಿನದನ್ನೆಲ್ಲ ಶ್ರೀಲತಾಳೇ ಹೇಳಿಕೊಟ್ಟಳು: ಎಡ ಮಗ್ಗುಲಿಗೆ ಮಲಗು, ತಲೆಗೆ ಎರಡು ದಿಂಬು ಹಾಕು, ಮೀನಖಂಡ ಹಿಡಿದುಕೊಂಡರೆ ಹೆಬ್ಬೆರಳನ್ನು ನಿನ್ನ ಕಡೆಗೆ ಎಳೆದುಕೋ, ಮಧ್ಯಾಹ್ನ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಯಾರೂ ಇರುವುದಿಲ್ಲ, ಅಲ್ಲಿ ಬೆಂಚಿನ ಮೇಲೆ ಕಾಲು ಚಾಚು. ಇಬ್ಬರೂ ಊದಿದ ಪಾದಗಳನ್ನು ಒಂದೇ ಬೆಂಚಿನ ಮೇಲೆ ಸಾಲಾಗಿಟ್ಟುಕೊಂಡು, ಯಾರದು ಹೆಚ್ಚು ದಪ್ಪವೆಂದು ನೋಡಿ ನಗುತ್ತ, ನೋಟ್ಸು ಓದುತ್ತಿದ್ದರು. ಒಂದಕ್ಕೆ ಹೋಗುವುದನ್ನು ಮಾತ್ರ ತಡೆಯಲೇಬೇಡ ಎನ್ನುತ್ತಿದ್ದಳು ಶ್ರೀಲತಾ. "ನಾಚ್ಕೆ ಏನಿಲ್ಲ, ಎದ್ದು ಹೋಗ್ತಾ ಇರು. ತಡ್ಕೊಂಡ್ರೆ ಉರಿ ಶುರುವಾಗುತ್ತೆ, ಜ್ವರ ಬರುತ್ತೆ, ಮಗೂಗೆ ಒಳ್ಳೇದಲ್ಲ ಅಂತ ಸಿಸ್ಟರ್ ಹೇಳವ್ಳೆ." ಕುಡಿಯದೇ ಇದ್ದರೆ ಬಾಟಲಿ ಮುಂದೆ ಹಿಡಿದು ತೆಲುಗಿನಲ್ಲೇ ಗದರುತ್ತಿದ್ದಳು: "ನೀಳ್ಳು ತಾಗು. ತಾಗವೇ." ಅವಳ ಡಬ್ಬಿಯಿಂದ ರಮ್ಯಶ್ರೀ ಎಷ್ಟು ಸಲ ತಿಂದಿದ್ದಳೋ. ಆದರೆ ಒಂದು ದಿನವೂ ಅವಳನ್ನು ಮನೆಗೆ ಕರೆದಿರಲಿಲ್ಲ. ಯಾವ ಜನ ಎಂದು ಅತ್ತೆ ಕೇಳಿಬಿಟ್ಟರೆ ಏನು ಹೇಳುವುದೆಂಬ ಅಳುಕು. ಶ್ರೀಲತಾಳ ಮನೆಯ ಗೋಡೆಯ ಮೇಲೆ ಬುದ್ಧನ ಪಟವಿರುವುದನ್ನು ಅವಳು ಫೋನಿನ ಫೋಟೋದಲ್ಲಿ ನೋಡಿದ್ದಳು. ಶ್ರೀಲತಾಳಿಗೂ ಆ ಅಳುಕು ಗೊತ್ತಿದ್ದಿರಬೇಕು, ಮನೆಗೆ ಕರೆ ಎಂದು ಅವಳು ಯಾವತ್ತೂ ಕೇಳಲಿಲ್ಲ.

ಬಸ್ಸು ಏರು ಹತ್ತಿತು. ಹೊಟ್ಟೆಯ ಚರ್ಮ ಬಿಗಿದು ಕಡಿತ ಶುರುವಾಯಿತು. ಸೆರಗಿನೊಳಗೆ ಕೈ ಹಾಕಿ ಕೆರೆಯುವ ಹಾಗಿಲ್ಲ, ಪಕ್ಕದಲ್ಲೊಬ್ಬ ಗಂಡಸು. ಮೂರು ದಿನದ ಹಿಂದೆ, ಎರಡನೇ ಪತ್ರಿಕೆಯ ದಿನ ಇದೇ ಬಸ್ಸಿನಲ್ಲಿ ಬರುವಾಗ ಹೊಟ್ಟೆಯ ಅದೇ ಜಾಗದಲ್ಲಿ, ಲಂಗದ ಲಾಡಿಗೆ ಸಿಕ್ಕಿಸಿದ ಕಾಗದದ ಮಡಿಕೆ ಚುಚ್ಚುತ್ತಿತ್ತು. ಗೈಡಿನ ನಾಲ್ಕು ಪುಟಗಳನ್ನು ಅಂಗಡಿಯವನು ಬೆಂಕಿಪೊಟ್ಟಣದಷ್ಟು ಮಾಡಿ ಜೆರಾಕ್ಸ್ ತೆಗೆದುಕೊಟ್ಟಿದ್ದ. ಅವಳು ಕಾಪಿ ಹೊಡೆಯುವವಳಲ್ಲ. ಡಿಗ್ರಿಯಲ್ಲಿ ಫಸ್ಟ್ ಕ್ಲಾಸು. ಆದರೆ ಪುಸ್ತಕದ ಮೇಲೆ ಬಗ್ಗಿದರೆ ಸಾಕು ಎದೆಯುರಿ ಏರುತ್ತಿತ್ತು, ಒರಗಿದರೆ ನಿದ್ದೆ, ಓದಿದ್ದು ಒಂದು ಸಾಲೂ ನಿಲ್ಲುತ್ತಿರಲಿಲ್ಲ. ಗಂಡ ಪಾಲಾಕ್ಷ ಶಿರಾದ ಕಡಲೆಕಾಯಿ ಮಂಡಿಯಲ್ಲಿ ಕೆಲಸಕ್ಕಿದ್ದ, ವಾರಕ್ಕೊಮ್ಮೆ ಬರುತ್ತಿದ್ದ. "ಈ ಸಲ ಆಗ್ದಿದ್ರೆ ಬುಡು, ಮಗು ಆದ್ಮೇಲೆ ಕಟ್ಟಿದ್ರಾತು" ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಆ ಒಳ್ಳೆಯತನವೇ ಅವಳನ್ನು ಹೆದರಿಸಿತು. ಬುಡು ಎಂದು ಬಿಟ್ಟವರೆಲ್ಲ ಎಲ್ಲಿದ್ದಾರೆಂದು ಊರಿನಲ್ಲಿ ನೋಡಿದ್ದಳು. ಒಂದು ಪತ್ರಿಕೆಗೆ ಮಾತ್ರ, ಇದೊಂದೇ ಸಲ, ಎಂದುಕೊಂಡಳು.

ಕೊಠಡಿಯ ಮೇಲ್ವಿಚಾರಕರು ಮಹಾಲಿಂಗಯ್ಯ ಎಂಬ ನರೆತ ಮೇಷ್ಟ್ರು. ಅರ್ಧ ಗಂಟೆಯಾದ ಮೇಲೆ ಅವಳು ಎದ್ದು ನಿಂತಾಗ ಅವರು ಹೊಟ್ಟೆಯನ್ನೊಮ್ಮೆ ನೋಡಿ, "ಹೋಗಮ್ಮ, ಹೋಗಿ ಬಾ. ಮೆಟ್ಲು ನೋಡ್ಕೊಂಡು" ಎಂದಿದ್ದರು. ಆ 'ಮೆಟ್ಲು ನೋಡ್ಕೊಂಡು' ಈಗಲೂ ಕಿವಿಯಲ್ಲಿದೆ. ಮೊದಲ ಸಲ ಎರಡು ಪುಟ ಓದಿ ಬಂದಳು, ಎರಡನೇ ಸಲ ಇನ್ನೆರಡು. ಚೀಟಿಯನ್ನು ಟಾಯ್ಲೆಟ್ಟಿನ ಕಿಟಕಿಯ ಸಂದಿನಲ್ಲಿ ತುರುಕಿದ್ದಳು. ಹತ್ತು ನಿಮಿಷದಲ್ಲಿ ಆಯಾ ಅದನ್ನು ತಂದು ಮೇಷ್ಟ್ರ ಕೈಗೆ ಕೊಟ್ಟಳು. ಮಹಾಲಿಂಗಯ್ಯ ಕನ್ನಡಕ ಹಣೆಗೇರಿಸಿ ಅದನ್ನು ನೋಡಿದರು. ಮುಖ ಕೆಂಪಾಯಿತು. ಯಾರದೆಂದು ಕೇಳಲಿಲ್ಲ. ಆ ಹೊತ್ತಿಗೆ ಐದಾರು ಹೆಂಗಸರು ಹೋಗಿ ಬಂದಿದ್ದರು. "ಕರುಣೆ ತೋರ್ಸಿದ್ರೆ ಇದಾ ನೀವು ಮಾಡೋದು? ನಾಳೆ ಮೇಷ್ಟ್ರಾಗೋರು! ಇನ್ನು ಈ ರೂಮಿಂದ ಒಂದು ನರಪಿಳ್ಳೆ ಏಳಂಗಿಲ್ಲ. ಬಸುರಿಯಾಗ್ಲಿ, ಬಾಣಂತಿಯಾಗ್ಲಿ" ಎಂದರು. ಶ್ರೀಲತಾ ಆವರೆಗೆ ಒಂದು ಸಲವೂ ಎದ್ದಿರಲಿಲ್ಲ. ಆಮೇಲೆ ಎದ್ದಳು. "ಸರ್, ಎರಡು ನಿಮಿಷ." "ಕೂತ್ಕೋ." "ಅರ್ಜೆಂಟ್ ಸರ್. ಬೇಕಾದ್ರೆ ಮೇಡಂ ಯಾರನ್ನಾದ್ರೂ ಜೊತೇಲಿ ಕಳ್ಸಿ." "ಚೀಟಿ ಇಡೋರಿಗೆಲ್ಲ ಅರ್ಜೆಂಟೇ ಕಣಮ್ಮ." ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಅವಳು ಕೂತಳು. ಸ್ವಲ್ಪ ಹೊತ್ತಿಗೆ ಮತ್ತೆ ಎದ್ದಳು, ಕೂತಳು. ಮೂರನೇ ಸಲ ಕೈಯೆತ್ತಿದ್ದನ್ನು ಮೇಷ್ಟ್ರು ನೋಡಿಯೂ ನೋಡದ ಹಾಗೆ ಕಿಟಕಿಯ ಬಳಿ ಹೋಗಿ ನಿಂತರು. ರಮ್ಯಶ್ರೀ ಒಂದು ಸಾಲು ಮುಂದೆ, ಓರೆಯಾಗಿ ಕೂತಿದ್ದಳು. ಮುಗಿಯಲು ಇನ್ನೂ ಮುಕ್ಕಾಲು ಗಂಟೆಯಿತ್ತು. ಮೊದಲು ಕೇಳಿಸಿದ್ದು ಸಣ್ಣ ಸದ್ದು, ಹೊಲಿಗೆ ಬಿಟ್ಟ ಚೀಲದಿಂದ ಕಾಳು ಸುರಿದಂಥದು. ತಿರುಗಿ ನೋಡಿದಳು. ಶ್ರೀಲತಾ ತಲೆ ಬಗ್ಗಿಸಿ ಬರೆಯುತ್ತಿದ್ದಳು. ಬೆಂಚಿನ ಕೆಳಗಿನಿಂದ ಹೊರಟ ಒದ್ದೆ ಗೆರೆ ನೆಲದ ಇಳಿಜಾರು ಹಿಡಿದು ಕರಿಹಲಗೆಯ ಕಡೆಗೆ ಹೋಗುತ್ತಿತ್ತು. ಅಕ್ಕಪಕ್ಕದವರು ಕಾಲು ಎತ್ತಿಕೊಂಡರು. ಅವಳ ಕಿವಿ ಕೆಂಡವಾಗಿತ್ತು, ಪೆನ್ನು ಮಾತ್ರ ನಿಂತಿರಲಿಲ್ಲ. ರಮ್ಯಶ್ರೀ ಮತ್ತೆ ಮುಂದಕ್ಕೆ ತಿರುಗಿದಳು. ತಾನು ಆಗ ಬರೆದ ಸಾಲು ಅವಳಿಗೆ ಈಗಲೂ ಬಾಯಿಪಾಠವಾಗಿದೆ. ಚೀಟಿಯಲ್ಲಿ ಓದಿದ್ದ ಸಾಲೇ ಅದು: 'ಕಲಿಯುವವರ ತೊಂದರೆಯನ್ನು ಅದು ಒದಗಿದ ಕ್ಷಣದಲ್ಲೇ ಗುರುತಿಸಿ ನೆರವಾಗುವುದು.' ಗಂಟೆ ಹೊಡೆದಾಗ ಎಲ್ಲರಿಗಿಂತ ಮೊದಲು ಪೇಪರು ಕೊಟ್ಟು ಹೊರಟುಬಿಟ್ಟಳು. ಒಂದೂಕಾಲಿನ ಬಸ್ಸು ತಪ್ಪುತ್ತದೆಂದು ತನಗೇ ಹೇಳಿಕೊಂಡಳು. ಬಸ್ಸು ತಪ್ಪಲಿಲ್ಲ.

ಆ ಸಂಜೆ ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಾಕಿದ್ದರು: 'ಚೀಟಿ ಪಾವಗಡ ಪಾರ್ಟಿದಂತೆ. ದೇವ್ರು ಅಲ್ಲೇ ತೋರ್ಸಿದ.' ಕೆಳಗೆ ನಗುವ ಮುಖಗಳ ಸಾಲು. ಅದನ್ನು ಓದಿದಾಗ ಎದೆಯೊಳಗೆ ಏನೋ ಸಡಿಲವಾಗಿತ್ತು. ಸಮಾಧಾನ ಎಂದು ಅದನ್ನು ಕರೆಯಲು ಅವಳಿಗೆ ಎರಡು ದಿನ ಬೇಕಾಯಿತು.

ಮಧುಗಿರಿಯಲ್ಲಿ ಇಳಿದಾಗ ಮುದುಕಿಯೂ ಇಳಿದಳು. "ನಿಧಾನ ಕಣವ್ವ" ಎಂದು ಹೇಳಿ ಆಸ್ಪತ್ರೆಯ ದಾರಿ ಹಿಡಿದಳು. ಅವಳು ಕುಂಟುತ್ತಿದ್ದಳು. ಬೆಳಗಿನ ಬಿಸಿಲಿಗೆ ಬೆಟ್ಟದ ಬೋಳು ಬಂಡೆ ಆಗಲೇ ಕಾಯತೊಡಗಿತ್ತು. ಅದರ ಬುಡದ ಬೀದಿಗಳಲ್ಲಿ ಕೋರ್ಟಿಗೆ ಬಂದವರು, ಕಚೇರಿಗೆ ಬಂದವರು ಕಾಗದಗಳ ಚೀಲ ಹಿಡಿದು ಟೀ ಕುಡಿಯುತ್ತ ನಿಂತಿದ್ದರು. ರಮ್ಯಶ್ರೀ ನಡೆದಳು. ಕೆಳಹೊಟ್ಟೆ ಭಾರವಾಗಿ ಜಗ್ಗುತ್ತಿತ್ತು. ಕಾಲೇಜಿನ ಗೇಟು ದಾಟುತ್ತಲೇ ಹೊಂಗೆ ಮರದ ಕಟ್ಟೆಯ ಮೇಲೆ ಶ್ರೀಲತಾ ಕಂಡಳು. ಕಾಲುಗಳನ್ನು ಬ್ಯಾಗಿನ ಮೇಲೆ ಎತ್ತಿಟ್ಟುಕೊಂಡು ನೋಟ್ಸು ಓದುತ್ತಿದ್ದಳು. ಅವಳ ಸುತ್ತ ಯಾರೂ ಇರಲಿಲ್ಲ. ಉಳಿದವರು ವರಾಂಡದಲ್ಲಿ ಗುಂಪುಗುಂಪಾಗಿ ನಿಂತು, ಓದುವ ನಡುವೆ ಆ ಕಡೆ ನೋಡುತ್ತಿದ್ದರು. ವರಾಂಡಕ್ಕೆ ಹೋದರೆ ಅವರಲ್ಲೊಬ್ಬಳಾಗಿ ನಿಂತುಬಿಡಬಹುದಿತ್ತು. ಅದು ಎಷ್ಟು ಸುಲಭವೆಂದು ಅವಳ ಕಾಲುಗಳಿಗೆ ಗೊತ್ತಾಯಿತು, ಅವು ಆ ಕಡೆ ಎರಡು ಹೆಜ್ಜೆ ಹಾಕಿಯೂ ಇದ್ದವು. ಆಮೇಲೆ ತಿರುಗಿ ಮರದ ಕಡೆ ಹೋದಳು.

"ಬಂದೆಯಾ" ಎಂದಳು ಶ್ರೀಲತಾ, ಪುಟದಿಂದ ಕಣ್ಣು ತೆಗೆಯದೆ. ಸ್ವಲ್ಪ ಸರಿದು ಜಾಗ ಮಾಡಿದಳು. ರಮ್ಯಶ್ರೀ ಕೂರಲಿಲ್ಲ. "ಆ ಚೀಟಿ ನಂದು" ಎಂದಳು.

"ಗೊತ್ತು."

"ಹೆಂಗೆ?"

"ಲೈಬ್ರರಿ ರೂಮಿಂದ ನೀನು ಎಷ್ಟು ಸಲ ಎದ್ದು ಹೋಗಿದ್ದೀಯ ನನ್ನ ಎದುರಿಗೆ. ನಿಜವಾಗ್ಲೂ ಅರ್ಜೆಂಟಾದಾಗ ನೀನು ನಡೆಯೋ ನಡಿಗೆ ನಂಗೆ ಗೊತ್ತಿಲ್ವಾ? ಅವತ್ತು ಎರಡು ಸಲಾನೂ ಮದುವೆ ಮನೆಗೆ ಹೋಗೋಳಂಗೆ ನಿಧಾನಕ್ಕೆ ಹೋದೆ." ಶ್ರೀಲತಾ ಪುಟ ತಿರುಗಿಸಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ರಮ್ಯಶ್ರೀಗೆ ನಿಂತುಕೊಳ್ಳಲು ಒಂದು ನೆಲವಾದರೂ ಸಿಗುತ್ತಿತ್ತು.

"ತಪ್ಪಾತು ಕಣೇ. ನನ್ನಿಂದ ನಿಂಗೆ..."

"ಕಾಪಿ ಹೊಡ್ದಿದ್ದಕ್ಕೆ ನನ್ನನ್ಯಾಕೆ ಕ್ಷಮೆ ಕೇಳ್ತೀಯ? ಬೇಕಾದ್ರೆ ಯೂನಿವರ್ಸಿಟೀನ ಕೇಳು." ಈಗ ಅವಳು ತಲೆಯೆತ್ತಿದಳು. "ನೀನು ತಿರುಗಿ ನೋಡ್ದೆ ನೋಡು, ಅದು ನಂಗೆ ಕಾಣ್ತು. ತಲೆ ಬಗ್ಗಿಸಿದ್ರೂ ಕಾಣುತ್ತೆ ರಮ್ಯಾ. ನೋಡ್ಬುಟ್ಟು ಮತ್ತೆ ಬರೆಯೋಕೆ ಶುರು ಮಾಡ್ದೆ. ಸರ್, ಅವಳ್ನ ಬುಡಿ ಸರ್ ಅಂತ ಒಂದು ಮಾತು. ಅದಕ್ಕೆ ಚೀಟಿ ವಿಷ್ಯ ಹೇಳೋದೇನೂ ಬೇಕಾಗಿರ್ಲಿಲ್ಲ. ಯಾರು ಬೇಕಾದ್ರೂ ಹೇಳ್ಬೋದಿತ್ತು. ರೂಮಲ್ಲಿ ನಲವತ್ತು ಜನ ಇದ್ರು. ಅವರು ಹೇಳ್ಲಿಲ್ಲ ಅಂತ ನಂಗೇನೂ ಅನ್ನಿಸ್ಲಿಲ್ಲ."

ಹೌದು, ಹೇಳಬಹುದಿತ್ತು ಎನ್ನಿಸಿತು ರಮ್ಯಶ್ರೀಗೆ. ಚೀಟಿಯನ್ನು ಬಚ್ಚಿಟ್ಟುಕೊಂಡೇ ಹೇಳಬಹುದಿತ್ತು. ಮೂರು ದಿನ ತಾನು ಹೊತ್ತು ತಿರುಗಿದ್ದು ಬೇರೆ ಯಾವುದೋ ತಪ್ಪನ್ನು. ಅದು ಸಣ್ಣದು, ಒಪ್ಪಿಕೊಂಡರೆ ಮುಗಿಯುವಂಥದು. ಇದಕ್ಕೆ ಒಪ್ಪಿಕೊಳ್ಳುವುದರಿಂದಲೂ ಏನೂ ಆಗುವುದಿಲ್ಲ. "ನೀನು ಬರೀತಾನೇ ಇದ್ಯಲ್ಲ" ಎಂದಳು. ಯಾಕೆ ಹಾಗೆಂದಳೋ ಅವಳಿಗೇ ತಿಳಿಯಲಿಲ್ಲ.

"ಇನ್ನೇನು ಮಾಡ್ಲಿ? ಎದ್ರೆ ಎಲ್ಲಾ ನೋಡ್ತಾರೆ. ಕೂತಿದ್ರೆ ಕೊನೇಪಕ್ಷ ಪೇಪರ್ರಾದ್ರೂ ಆಗುತ್ತೆ. ಊರಿಂದ ಅಷ್ಟು ದೂರ ಬಂದಿದ್ದು ಅದಕ್ಕೇ ತಾನೇ." ನೋಟ್ಸನ್ನು ಮಡಿಸಿದಳು. "ಇವತ್ತು ಬರ್ಬೇಡ ಅಂತ ನಮ್ಮೆಜಮಾನ್ರು ಅಂದ್ರು. ಅವರು ಬಂದು ಜಗಳ ಮಾಡ್ತೀನಿ ಅಂತಾನೂ ಅಂದ್ರು. ನಾನೇ, ಊರ್ಕೋಂಡಿ, ಸುಮ್ನಿರಿ ಅಂದೆ. ಜಗಳ ಆದ್ರೆ ಊರಿಗೆಲ್ಲ ಗೊತ್ತಾಗುತ್ತೆ. ಈಗ ರೂಮಿಗೆ ಮಾತ್ರ ಗೊತ್ತು." ಕಟ್ಟೆಗೆ ಕೈಯೂರಿ, ಉಸಿರು ಬಿಗಿಹಿಡಿದು, ಏಳು ತಿಂಗಳ ಮೈಯನ್ನು ಎತ್ತಿ ನಿಲ್ಲಿಸಿಕೊಂಡಳು. ಆಸರೆಗೆಂದು ರಮ್ಯಶ್ರೀ ಚಾಚಿದ ಕೈಯನ್ನು ಅವಳು ತಳ್ಳಲೂ ಇಲ್ಲ, ಹಿಡಿಯಲೂ ಇಲ್ಲ.

ಗಂಟೆಗೆ ಇನ್ನೂ ಹದಿನೈದು ನಿಮಿಷವಿತ್ತು. ಸ್ಟಾಫ್‌ರೂಮಿನಲ್ಲಿ ಮಹಾಲಿಂಗಯ್ಯ ಒಬ್ಬರೇ ಕೂತು ಖಾಲಿ ಉತ್ತರಪತ್ರಿಕೆಗಳನ್ನು ಎಣಿಸುತ್ತಿದ್ದರು. ರಮ್ಯಶ್ರೀ ಬಾಗಿಲಲ್ಲಿ ನಿಂತಳು. ಒಳಗೆ ಹೋದರೆ ಡಿಬಾರಾಗಬಹುದು, ಎರಡು ವರ್ಷ ಹೋಗಬಹುದು, ಪಾಲಾಕ್ಷ 'ಬುಡು' ಎನ್ನಬಹುದು. ಹೀಗೆಲ್ಲ ಯೋಚಿಸಿದ ಮೇಲೂ ಒಳಗೆ ಹೋದದ್ದಕ್ಕೆ ತನ್ನ ಬಗ್ಗೆ ಒಂದು ಎಳೆ ಹೆಮ್ಮೆ ಮೂಡಿತು. ಆ ಹೆಮ್ಮೆ ಮೂಡಿದ್ದೇ ತಡ ಹೇಸಿಗೆಯೆನಿಸಿತು. "ಸರ್, ಅವತ್ತು ಚೀಟಿ ಇಟ್ಟಿದ್ದು ನಾನು. ಶ್ರೀಲತಾ ಅಲ್ಲ."

ಮೇಷ್ಟ್ರ ಬೆರಳು ಎಣಿಕೆಯ ನಡುವೆ ನಿಂತಿತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕನ್ನಡಕವಿಲ್ಲದ ಕಣ್ಣು ನಿದ್ದೆಗೆಟ್ಟವರದಂತೆ ಊದಿಕೊಂಡಿತ್ತು. "ಯಾಕಮ್ಮ ಹೇಳ್ದೆ?" ಎಂದರು.

ಅವಳಿಗೆ ಅರ್ಥವಾಗಲಿಲ್ಲ.

"ಯಾಕೆ ಹೇಳ್ದೆ ಅಂತ. ಮೂವತ್ತು ವರ್ಷ ಸರ್ವೀಸು. ನಂಗೂ ಹೆಣ್ಣುಮಕ್ಕಳವ್ರೆ. ಅವತ್ತು ಮನೆಗೆ ಹೋದೋನು ಉಂಡಿಲ್ಲ. ಆಮೇಲೆ ಅಂದ್ಕೊಂಡೆ, ಆ ಹುಡುಗೀನೇ ಪರೀಕ್ಷೆಗೆ ಮುಂಚೆ ಹೋಗಿ ಇಟ್ಟಿರ್ಬೇಕು, ಅದಕ್ಕೇ ಅಷ್ಟು ಒದ್ದಾಡಿದ್ಲು, ತಪ್ಪು ಮಾಡಿದ್ಲು, ಅನುಭವಿಸಿದ್ಲು ಅಂತ. ಅಂಗೆ ಅಂದ್ಕೊಂಡ್ಮೇಲೆ ನಿನ್ನೆಯಿಂದ ಒಂಚೂರು ಅನ್ನ ಇಳೀತಿತ್ತು. ಈಗ ನೀನು ಬಂದು ಅದನ್ನೂ ಕಿತ್ಕೊಂಡ್ಬುಟ್ಟೆ."

"ಬರ್ದುಕೊಡ್ತೀನಿ ಸರ್."

"ಬರ್ದುಕೊಟ್ರೆ? ಅವತ್ತೇ ಯಾಕೆ ರಿಪೋರ್ಟ್ ಮಾಡ್ಲಿಲ್ಲ ಅಂತ ನನ್ನ ಕೇಳ್ತಾರೆ. ಬಸುರಿ ಹೆಂಗ್ಸನ್ನ ಯಾಕೆ ಬಿಡ್ಲಿಲ್ಲ ಅಂತಾನೂ ಕೇಳ್ತಾರೆ. ಅವತ್ತಿನ ಪೇಪರ್ ಬಂಡಲ್ಲು ತುಮಕೂರಿಗೆ ಹೋಯ್ತು. ಹೋಗು, ಹೋಗಿ ಬರಿ." ಅವರು ಮತ್ತೆ ಮೊದಲಿನಿಂದ ಎಣಿಸತೊಡಗಿದರು. ಅವಳು ಬಾಗಿಲು ದಾಟುವಾಗ ಎದೆ ಹಗುರವಾಯಿತು. ಎರಡು ವರ್ಷ ಉಳಿಯಿತು ಎಂದು ಮನಸ್ಸು ಲೆಕ್ಕ ಹಾಕಿಯೂಬಿಟ್ಟಿತ್ತು. ಆ ಹಗುರವನ್ನು ಯಾರೋ ನೋಡಿಬಿಟ್ಟರೇನೋ ಎಂಬಂತೆ ಅವಳು ಸೆರಗನ್ನು ಹೊದ್ದುಕೊಂಡಳು.

ಪತ್ರಿಕೆ ಕೊಟ್ಟು ಅರ್ಧ ಗಂಟೆಯಾಗಿರಬೇಕು. ಮಹಾಲಿಂಗಯ್ಯ ಬೆಂಚುಗಳ ನಡುವೆ ನಡೆಯುತ್ತ ಬಂದು ಶ್ರೀಲತಾಳ ಪಕ್ಕ ನಿಂತರು. ಎಲ್ಲರಿಗೂ ಕೇಳಿಸುವಷ್ಟು ಜೋರಾಗಿ ಹೇಳಬೇಕೆಂದು ಅವರು ಬಂದಿದ್ದಿರಬೇಕು, ಗಂಟಲು ಸರಿಮಾಡಿಕೊಂಡರು. ಆದರೆ ಬಂದದ್ದು ಪಿಸುಮಾತು. "ಹೋಗ್ಬೇಕು ಅನ್ಸಿದ್ರೆ ಹೋಗಮ್ಮ. ನನ್ನನ್ನ ಕೇಳೋದೇನೂ ಬೇಡ." ಶ್ರೀಲತಾ ಬರೆಯುತ್ತಲೇ, "ಬೇಡ ಸರ್" ಎಂದಳು. ಅವರು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದು ಮೇಜಿಗೆ ಹಿಂದಿರುಗಿದರು. ಮೂರು ಗಂಟೆ ಕಾಲವೂ ಶ್ರೀಲತಾ ಏಳಲಿಲ್ಲ. ಇವತ್ತು ಸೀಟು ಬದಲಾಗಿ ಅವಳ ಹಿಂದಿನ ಸಾಲಿನಲ್ಲಿ ಕೂತಿದ್ದ ರಮ್ಯಶ್ರೀಗೆ ಅವಳ ಜಡೆ, ಬೆವರಿ ಬೆನ್ನಿಗೆ ಅಂಟಿದ ರವಿಕೆ, ಆಗೊಮ್ಮೆ ಈಗೊಮ್ಮೆ ನಡು ಒತ್ತಿಕೊಳ್ಳುವ ಎಡಗೈ ಕಾಣುತ್ತಿತ್ತು. ಹನ್ನೆರಡರ ಹೊತ್ತಿಗೆ ರಮ್ಯಶ್ರೀಗೂ ಒತ್ತಡ ಶುರುವಾಯಿತು. ನೀರು ಕುಡಿಯದಿದ್ದರೂ ಮಗುವಿನ ತಲೆಯೋ ಹಿಮ್ಮಡಿಯೋ ಕೆಳಗೆ ಒತ್ತಿಕೊಂಡು ಕೂತಿತ್ತು. ಏಳಲು ಅಡ್ಡಿಯಿರಲಿಲ್ಲ, ಕೇಳಿದರೆ ಬಿಡುತ್ತಿದ್ದರು. ಅವಳೂ ಏಳಲಿಲ್ಲ. ಏಳದೆ ಕೂರುವುದರಿಂದ ಶ್ರೀಲತಾಳ ಜೊತೆಗೆ ತಾನೂ ಇದ್ದೇನೆಂದು ಹೇಳಿದ ಹಾಗಾಗುತ್ತದೆ ಎನ್ನಿಸಿತು. ಆದರೆ ಅವಳು ತಿರುಗಿ ನೋಡುವವಳಲ್ಲವಾದ್ದರಿಂದ ಅದನ್ನು ಯಾರಿಗೆ ಹೇಳುತ್ತಿದ್ದೇನೆಂದು ಹೊಳೆಯಲಿಲ್ಲ. ಮೀನಖಂಡ ಒಮ್ಮೆಲೇ ಕಲ್ಲಾಗಿ ಸೆಟೆದುಕೊಂಡಿತು. ಹಲ್ಲು ಕಚ್ಚಿ, ಚಪ್ಪಲಿಯೊಳಗೆ ಹೆಬ್ಬೆರಳನ್ನು ಮೇಲಕ್ಕೆತ್ತಿ ಹಿಡಿದಳು. ಇದನ್ನೂ ಹೇಳಿಕೊಟ್ಟವಳು ಮುಂದೆ ಕೂತಿದ್ದಾಳೆ.

ಗಂಟೆಯಾದ ಮೇಲೆ ರಮ್ಯಶ್ರೀ ಟಾಯ್ಲೆಟ್ಟಿಗೆ ಹೋಗಿ ಬರುವಷ್ಟರಲ್ಲಿ ಶ್ರೀಲತಾ ಹೊರಟುಹೋಗಿದ್ದಳು. ಬಸ್‌ಸ್ಟ್ಯಾಂಡಿಗೆ ಆದಷ್ಟು ಬೇಗ ನಡೆದಳು. ಪಾವಗಡದ ಬಸ್ಸು ಹೊರಡುತ್ತಿತ್ತು. ಬಾಗಿಲ ಹತ್ತಿರದ ಸೀಟಿನಲ್ಲಿ ಶ್ರೀಲತಾ ಕೂತಿದ್ದಳು. ಯಾರೋ ಜಾಗ ಕೊಟ್ಟಿದ್ದರು. ಕಿಟಕಿಯಿಂದ ಇವಳನ್ನು ನೋಡಿದಳು. ರಮ್ಯಶ್ರೀ ಕೈಯೆತ್ತಿದಳು. ಶ್ರೀಲತಾ ಏನೋ ಹೇಳಿದಳು, ಎಂಜಿನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲ. ಬಸ್ಸು ತಿರುಗಿತು. ಹೋಗುತ್ತೇನೆ ಎಂದಳೋ, ಹೋಗು ಎಂದಳೋ.

ಮನೆ ಸೇರಿದಾಗ ಮೂರು ಗಂಟೆ. ಸಿದ್ದರಬೆಟ್ಟದ ಕಡೆಯಿಂದ ಒಣ ಗಾಳಿ ಬೀಸುತ್ತಿತ್ತು. ಜಯಕ್ಕ ಆಗಷ್ಟೇ ಶಾಲೆಯಿಂದ ಬಂದಿದ್ದಳು. ಊರ ಶಾಲೆಯಲ್ಲಿ ಬಿಸಿಯೂಟದ ಅಡಿಗೆ ಅವಳದು, ಹದಿನೆಂಟು ವರ್ಷದಿಂದ. ಸೊಸೆಯ ಮುಖ ನೋಡಿ ಏನೂ ಕೇಳದೆ ಬಾನಿಯಲ್ಲಿ ಉಗುರುಬೆಚ್ಚಗಿನ ನೀರು ತಂದು ಒಂದು ಹಿಡಿ ಕಲ್ಲುಪ್ಪು ಹಾಕಿದಳು. "ಕಾಲು ಇಕ್ಕು. ಹೆಂಗಾತು ಪರೀಕ್ಸೆ?"

ಚೆನ್ನಾಗಾಯಿತು ಎನ್ನಬೇಕೆಂದು ರಮ್ಯಶ್ರೀ ಬಾಯಿ ತೆರೆದಳು. ನೀರಿಗೆ ಇಳಿದ ಪಾದಗಳು ಯಾರದೋ ಎಂಬಂತೆ ಬೆಳ್ಳಗೆ, ದಪ್ಪಗೆ ಕಾಣುತ್ತಿದ್ದವು. ಅವನ್ನೇ ನೋಡುತ್ತ ಹೇಳತೊಡಗಿದಳು. ಜೆರಾಕ್ಸಿನಿಂದ ಶುರುಮಾಡಿ ಕಿಟಕಿಯ ಸಂದು, ಆಯಾ, ಮೇಷ್ಟ್ರು, ಮೂರು ಸಲ ಎದ್ದ ಶ್ರೀಲತಾ, ನೆಲದ ಮೇಲಿನ ಗೆರೆ, ತಾನು ತಿರುಗಿ ನೋಡಿ ಬರೆದದ್ದು, ಒಂದೂಕಾಲಿನ ಬಸ್ಸು. ಇವತ್ತಿನದನ್ನೂ ಹೇಳಿದಳು, ಶ್ರೀಲತಾ ಅಂದದ್ದನ್ನೂ ಬಿಡದೆ. ವಾಟ್ಸಾಪ್ ನೋಡಿ ಸಮಾಧಾನವಾದದ್ದನ್ನು ಕೂಡ. ಇಷ್ಟು ದೀರ್ಘವಾಗಿ ಈ ಮನೆಯಲ್ಲಿ ಅವಳು ಯಾವತ್ತೂ ಮಾತಾಡಿರಲಿಲ್ಲ. ಜಯಕ್ಕ ಕಂಬಕ್ಕೊರಗಿ ಕೂತು ಕೇಳುತ್ತಿದ್ದಳು, ನಡುವೆ ಹೂಂಗುಟ್ಟಲೂ ಇಲ್ಲ. ಹೇಳಿ ಮುಗಿಸಿ ರಮ್ಯಶ್ರೀ ಕಾದಳು. ಬಸುರಿಗ್ಯಾಕೆ ಓದು, ನಂಗೆ ಮೊದ್ಲೇ ಗೊತ್ತಿತ್ತು ಎನ್ನುತ್ತಾಳೆ. ಇಲ್ಲವೇ ಆ ಹುಡುಗಿ ಯಾವ ಜನ ಎಂದು ಕೇಳುತ್ತಾಳೆ. ಇವೆರಡಕ್ಕೂ ಉತ್ತರವನ್ನು ಅವಳು ಮನಸ್ಸಿನಲ್ಲಿ ಸಿದ್ಧಮಾಡಿಕೊಂಡಿದ್ದಳು. ಎರಡನೆಯದಕ್ಕಂತೂ, ಈ ಸಲ, ತಲೆಯೆತ್ತಿ ಹೇಳುವುದೆಂದು ನಿಶ್ಚಯಿಸಿದ್ದಳು.

ಜಯಕ್ಕ ಬಾನಿಯ ನೀರಿಗೆ ಬೆರಳದ್ದಿ ಬಿಸಿ ನೋಡಿದಳು.

"ಆಮ್ಯಾಕೆ ನೆಲ ಯಾರು ಒರ್ಸಿದ್ರು?" ಎಂದಳು.

"ಆಂ?"

"ರೂಮಿನ ನೆಲ ಕಣಮ್ಮ. ಎಲ್ಲಾರೂ ಎದ್ದು ಹೋದ್ರಲ್ಲ. ಆಮ್ಯಾಕೆ ಅದನ್ನ ಯಾರು ಒರ್ಸಿದ್ರು? ಆಯಾನಾ? ಇಲ್ಲ ಆ ಹುಡುಗಿ ಕೈಲೇ ಒರ್ಸಿದ್ರಾ?"

ರಮ್ಯಶ್ರೀ ಅತ್ತೆಯ ಮುಖ ನೋಡಿದಳು. ಅದು ಗದರಿಸುವ ಮುಖವಾಗಿರಲಿಲ್ಲ. ಮಕ್ಕಳು ಚೆಲ್ಲಿದ್ದನ್ನು, ಕಕ್ಕಿದ್ದನ್ನು ಹದಿನೆಂಟು ವರ್ಷ ಒರೆಸಿದವಳು, ತಿಳಿದುಕೊಳ್ಳಬೇಕಾದ್ದನ್ನು ಕೇಳುತ್ತಿದ್ದಳು, ಅಷ್ಟೆ. ರಮ್ಯಶ್ರೀ ಆ ದಿನವನ್ನು ಮತ್ತೆ ಮೊದಲಿನಿಂದ ನೋಡಿದಳು. ಮೂರು ದಿನ ಹಗಲೂ ರಾತ್ರಿ ಅದೇ ಕೋಣೆಯಲ್ಲಿ ಇದ್ದಳು. ಗೆರೆ ಹೊರಟದ್ದು ಗೊತ್ತಿತ್ತು, ಅದು ಎಷ್ಟು ದೂರ ಹೋಯಿತೆಂದು ಗೊತ್ತಿತ್ತು, ತನ್ನ ಪೆನ್ನಿನ ಸಾಲು ಗೊತ್ತಿತ್ತು. ಅಲ್ಲಿಂದ ಮುಂದೆ ಏನೂ ಇರಲಿಲ್ಲ. ಗಂಟೆ ಹೊಡೆದು ತಾನು ಹೊರಗೆ ಬಂದೊಡನೆ ಆ ಕೋಣೆ ಅವಳ ಪಾಲಿಗೆ ಮುಗಿದುಹೋಗಿತ್ತು. ಇವತ್ತು ಅದೇ ನೆಲದ ಮೇಲೆ ಕಾಲಿಟ್ಟು ಮೂರು ಗಂಟೆ ಕೂತು ಬಂದಿದ್ದಳು.

"ಗೊತ್ತಿಲ್ಲ ಅತ್ತೆ" ಎಂದಳು.

"ಕೇಳ್ಬೇಕಾಗಿತ್ತು" ಎಂದು, ಜಯಕ್ಕ ಮೊಣಕಾಲ ಮೇಲೆ ಕೈಯೂರಿ ಎದ್ದು, ಒಲೆ ನೋಡಲು ಒಳಗೆ ಹೋದಳು.